ಸಂಘದ ಹಳೇ ಕಾಗದಪತ್ರ ಜೋಡಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ. ಇವುಗಳ ಹಿಂದೆಮುಂದೆ ಜಿಲ್ಲೆ, ತಾಲ್ಲೂಕುಗಳಲ್ಲೂ ಎಷ್ಟೋ ಸಾಹಿತ್ಯ ಸಂಘ, ಇತಿಹಾಸ ಮಂಡಳಿಗಳು ಹುಟ್ಟಿದವು. ಅವು ಅಚ್ಚು ಹಾಕಿಸಿದ ಪುಸ್ತಕ ಹುಡುಕಿದರೆ ಎಲ್ಲಾದರೂ ಸಿಗುತ್ತದೆ. ಆದರೆ ಆ ಪುಸ್ತಕಕ್ಕೆ ದುಡ್ಡು ಯಾರು ಕೊಟ್ಟರು, ಯಾರು ಬೇಡ ಅಂದರು, ಎಷ್ಟು ಪ್ರತಿ ಮಾರಾಟವಾಗದೆ ಉಳಿದವು, ಇದೆಲ್ಲ ಇರುವುದು ಸಂಘದ ಬೀರುವಿನಲ್ಲಿರುವ ನಡಾವಳಿ ಪುಸ್ತಕ, ಪತ್ರ, ರಸೀದಿಗಳಲ್ಲಿ ಮಾತ್ರ. ಅವುಗಳಿಗೆ ಇನ್ನೊಂದು ಪ್ರತಿ ಇರುವುದಿಲ್ಲ.

ಸಾಮಾನ್ಯವಾಗಿ ಶತಮಾನೋತ್ಸವ ಹತ್ತಿರ ಬಂದಾಗ, ಸ್ಮರಣ ಸಂಚಿಕೆಗೆ ನಾಲ್ಕು ಫೋಟೊ ಬೇಕು ಅಂತ ಆ ಬೀರು ತೆಗೆಯುತ್ತಾರೆ. ತೆಗೆದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಂದೇ ಕಡೆ ಹಾಕಿದ್ದೇನೆ.

ನಮ್ಮಲ್ಲಿ ಲೈಬ್ರರಿ ಇದೆಯಲ್ಲ, ಪತ್ರಾಗಾರ ಅಂತ ಬೇರೆ ಯಾಕೆ?

ಲೈಬ್ರರಿಯಲ್ಲಿ ಇರುವುದು ಸಂಘ ಕೊಂಡ ಅಥವಾ ಪಡೆದ ಪುಸ್ತಕ. ಪತ್ರಾಗಾರದಲ್ಲಿ ಇರಬೇಕಾದದ್ದು ಸಂಘ ತನ್ನ ಕೆಲಸ ಮಾಡುತ್ತಾ ತಾನೇ ಹುಟ್ಟಿಸಿದ ದಾಖಲೆ. ಯಾರೂ ಅದನ್ನು ಓದುಗರಿಗೆಂದು ಬರೆದಿರುವುದಿಲ್ಲ, ಸಭೆ ನಡೆಸಲು, ಬಾಡಿಗೆ ಕಟ್ಟಲು, ಉಪನ್ಯಾಸಕರನ್ನು ಕರೆಸಲು ಬರೆದಿರುತ್ತಾರೆ. ಅದಕ್ಕೇ ಅದು ನಂಬಿಕೆಗೆ ಅರ್ಹ.

ಇನ್ನೊಂದು ಮಾತು. ಸಂಘದಲ್ಲಿ ತಾಳೆಗರಿ, ಹಸ್ತಪ್ರತಿ ಇದ್ದರೆ ಅವು ಮೂರನೇ ಗುಂಪು. ಅವು ಎಷ್ಟೇ ಹಳೆಯವಾದರೂ ಸಂಘದ ದಾಖಲೆಯಲ್ಲ. ಆದರೆ ಆ ತಾಳೆಗರಿ ಯಾರ ಮನೆಯಿಂದ ಯಾವ ವರ್ಷ ಬಂತು ಅಂತ ಬರೆದಿಟ್ಟ ರಿಜಿಸ್ಟರ್ ಮಾತ್ರ ಖಂಡಿತ ಸಂಘದ ದಾಖಲೆ.

ಎಲ್ಲಿಂದ ಶುರು ಮಾಡಬೇಕು?

ಮೊದಲು ಏನನ್ನೂ ಕದಲಿಸಬೇಡಿ. ಬೀರು ಬಾಗಿಲು ತೆಗೆದು ಹೇಗಿದೆಯೋ ಹಾಗೇ ಫೋಟೊ ತೆಗೆಯಿರಿ, ಒಂದೊಂದು ಅರೆಯನ್ನೂ ಬೇರೆ ಬೇರೆಯಾಗಿ. ಆಮೇಲೆ ಬೀರುವಿಗೊಂದು ನಂಬರು, ಅರೆಗೊಂದು ನಂಬರು, ಕಟ್ಟಿಗೊಂದು ನಂಬರು ಕೊಟ್ಟು ಒಂದು ಒರಟು ಪಟ್ಟಿ ಮಾಡಿ. "ಬೀರು 2, ಅರೆ 3, ಕಟ್ಟು 5: ರಸೀದಿ ಪುಸ್ತಕ, ನಡುವೆ ಕೆಲವು ಕಾರ್ಡು" ಅನ್ನುವಷ್ಟಾದರೆ ಸಾಕು. ಉತ್ಸಾಹದಲ್ಲಿ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಕೂತರೆ, ಯಾವುದರ ಪಕ್ಕ ಯಾವುದಿತ್ತು ಅನ್ನುವ ಸುಳಿವು ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತದೆ. ಅದನ್ನು ವಾಪಸ್ ತರಲು ಆಗುವುದಿಲ್ಲ.

ಪಟ್ಟಿ ಆದ ಮೇಲೆ ನಡಾವಳಿ ಪುಸ್ತಕಗಳನ್ನು ಹುಡುಕಿ. ಸರ್ವಸದಸ್ಯರ ಸಭೆಯದು, ಕಾರ್ಯಕಾರಿ ಸಮಿತಿಯದು, ಎರಡೂ. ಇಡೀ ಪತ್ರಾಗಾರದ ಬೆನ್ನೆಲುಬು ಅವೇ. ಅವನ್ನು ಮೊದಲಿಂದ ಕೊನೆತನಕ ಓದಿಕೊಂಡು ಯಾವ ವರ್ಷ ಯಾರು ಅಧ್ಯಕ್ಷರು, ಯಾರು ಕಾರ್ಯದರ್ಶಿ, ಯಾವ ಉಪಸಮಿತಿ ಯಾವಾಗ ಹುಟ್ಟಿ ಯಾವಾಗ ನಿಂತಿತು ಅಂತ ಒಂದು ಕಾಲಾನುಕ್ರಮ ಮಾಡಿಕೊಳ್ಳಿ. ಆ ಕಾಲಾನುಕ್ರಮ ಕೈಯಲ್ಲಿದ್ದರೆ ಉಳಿದ ಕೆಲಸ ಅರ್ಧ ಹಗುರ. ಇಲ್ಲದಿದ್ದರೆ ಪ್ರತಿ ಕಾಗದಕ್ಕೂ ಒದ್ದಾಡಬೇಕಾಗುತ್ತದೆ.

ವಿಷಯವಾರು ವಿಂಗಡಿಸಿದರೆ ಹುಡುಕುವವರಿಗೆ ಸುಲಭ ಅಲ್ವಾ? ಶಾಸನ ಒಂದು ಕಡೆ, ಜಾನಪದ ಒಂದು ಕಡೆ...

ಇದನ್ನು ಕೇಳದ ಸಂಘವೇ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ದತ್ತಿ ಉಪನ್ಯಾಸದ ಒಂದು ಹಳೇ ಫೈಲು ಇದೆ ಅಂದುಕೊಳ್ಳಿ. ಟ್ಯಾಗ್ ದಾರದಲ್ಲಿ ಪೋಣಿಸಿದ್ದಾರೆ, ಹಳೇದು ಕೆಳಗೆ, ಹೊಸದು ಮೇಲೆ. ಎಲ್ಲಕ್ಕಿಂತ ಕೆಳಗೆ ಸಮಿತಿ ಒಪ್ಪಿಗೆ ಕೊಟ್ಟ ನಿರ್ಣಯದ ನಕಲು. ಅದರ ಮೇಲೆ ಉಪನ್ಯಾಸಕರಿಗೆ ಬರೆದ ಕಾಗದದ ಕಾರ್ಬನ್ ಪ್ರತಿ. ಅದರ ಮೇಲೆ ಅವರ ಉತ್ತರ, ಒಂದು ಪೋಸ್ಟ್ ಕಾರ್ಡು: "ಆ ದಿನ ಆಗುವುದಿಲ್ಲ, ಮುಂದಿನ ಭಾನುವಾರವಾದರೆ ಬರುತ್ತೇನೆ." ಆಮೇಲೆ ಕರಪತ್ರ, ರೈಲು ಖರ್ಚಿನ ರಸೀದಿ, ಪೇಪರಿನ ತುಣುಕು. ಈಗ ವಿಷಯವಾರು ಹಂಚಿದರೆ ಏನಾಗುತ್ತದೆ? ಬರೆದವರು ದೊಡ್ಡ ಸಾಹಿತಿಯಾದರೆ ಕಾರ್ಡು "ಗಣ್ಯರ ಪತ್ರಗಳು" ಅನ್ನುವ ಆಲ್ಬಮ್ಮಿಗೆ ಹೋಗುತ್ತದೆ. ರಸೀದಿ ಲೆಕ್ಕದ ಕಟ್ಟಿಗೆ, ಪೇಪರಿನ ತುಣುಕು "ಪತ್ರಿಕಾ ವರದಿ"ಗೆ, ಕರಪತ್ರ ರದ್ದಿಗೆ. ಆಮೇಲೆ ಆಲ್ಬಮ್ ನೋಡಿದವರಿಗೆ ಆ "ಆ ದಿನ" ಯಾವ ದಿನ ಅಂತ ಗೊತ್ತಾಗಲು ದಾರಿಯೇ ಇಲ್ಲ. ಕಾಗದ ಉಳಿಯಿತು, ಅದು ಹೇಳುತ್ತಿದ್ದ ಸಂಗತಿ ಹೋಯಿತು.

ಈ ಪೆಟ್ಟನ್ನು ದೊಡ್ಡ ದೊಡ್ಡ ಸಂಸ್ಥೆಗಳೇ ತಿಂದಿವೆ. ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘ ಶುರುವಾದದ್ದು 1660ರಲ್ಲಿ. ಆರಂಭದಿಂದಲೇ ಅವರ ಶಿಸ್ತು ಚೆನ್ನಾಗಿತ್ತು: ಸಭೆಯ ನಡಾವಳಿಗೆ ಜರ್ನಲ್ ಬುಕ್, ಬಂದ ಪ್ರಬಂಧಗಳನ್ನು ನಕಲು ಮಾಡಲು ರಿಜಿಸ್ಟರ್ ಬುಕ್, ಪತ್ರಗಳ ನಕಲಿಗೆ ಲೆಟರ್ ಬುಕ್. ಸಂಸ್ಥೆ ಹೇಗೆ ಕೆಲಸ ಮಾಡುತ್ತಿತ್ತೋ ಹಾಗೇ ಪುಸ್ತಕಗಳು. ಆದರೆ ಬಿಡಿ ಬಿಡಿಯಾಗಿದ್ದ ಮೂಲ ಕಾಗದಗಳನ್ನು ಆಮೇಲೆ ಹಂಚಿಬಿಟ್ಟರು, ಪ್ರಬಂಧಗಳನ್ನು ವಿಷಯದ ಪ್ರಕಾರ, ಪತ್ರಗಳನ್ನು ಬರೆದವರ ಹೆಸರಿನ ಅಕ್ಷರದ ಪ್ರಕಾರ. ಒಂದೇ ದಿನದ ಸಭೆಗೆ ಬಂದ ಕಾಗದಗಳು ಹೀಗೆ ಬೇರೆ ಬೇರೆ ಸಂಪುಟ ಸೇರಿದವು. ಇವತ್ತಿಗೂ ಸಂಶೋಧಕರು ಜರ್ನಲ್ ಬುಕ್ಕಿನ ತಾರೀಖು ಹಿಡಿದುಕೊಂಡು ಅವನ್ನು ಮತ್ತೆ ಜೋಡಿಸುತ್ತಾ ಕೂರಬೇಕು.

ಫ್ರಾನ್ಸಿನಲ್ಲಿ ಇಂಥ ವಿಷಯವಾರು ಹಂಚಿಕೆಯಿಂದ ಬೇಸತ್ತು 1841ರಲ್ಲಿ ಸರಕಾರವೇ ಸುತ್ತೋಲೆ ಹೊರಡಿಸಿತು: ಒಂದು ಸಂಸ್ಥೆಯಿಂದ ಬಂದ ಕಾಗದ ಒಟ್ಟಿಗೇ ಇರಬೇಕು, ಇನ್ನೊಂದರ ಜೊತೆ ಬೆರೆಸಬಾರದು. 1898ರಲ್ಲಿ ಮೂವರು ಡಚ್ ಪತ್ರಾಗಾರ ತಜ್ಞರು ಅದಕ್ಕೆ ಇನ್ನೊಂದು ಸೇರಿಸಿ ಕೈಪಿಡಿ ಬರೆದರು: ಆ ಸಂಸ್ಥೆ ತನ್ನ ಕಾಗದವನ್ನು ಯಾವ ಕ್ರಮದಲ್ಲಿ ಇಟ್ಟುಕೊಂಡಿತ್ತೋ ಆ ಕ್ರಮವನ್ನೂ ಉಳಿಸಬೇಕು. ಪ್ರಪಂಚದ ಪತ್ರಾಗಾರಗಳೆಲ್ಲ ಇವತ್ತು ನಡೆಯುವುದು ಈ ಎರಡು ಮಾತಿನ ಮೇಲೇ.

ವಿಷಯದ ಮೂಲಕ ಹುಡುಕುವವರಿಗೆ ಏನು ಮಾಡೋಣ ಅಂದರೆ, ಅದಕ್ಕೆ ಸೂಚಿ ಇದೆ. ಕಾಗದ ಒಂದೇ ಜಾಗದಲ್ಲಿರಲಿ. ಸೂಚಿಯಲ್ಲಿ ಅದನ್ನು ಹತ್ತು ಕಡೆ ತೋರಿಸಬಹುದು.

ನಮ್ಮ ಲೈಬ್ರರಿಯನ್ ಡ್ಯೂಯಿ ನಂಬರ್ ಹಾಕೋಣ ಅಂತಾರೆ. ರಂಗನಾಥನ್ ಪದ್ಧತಿ ಆದರೂ ಆಗಬಹುದಾ?

ಎರಡೂ ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರು ಕೊಡಲು ಮಾಡಿದ ಪದ್ಧತಿ. ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಹೊರತಂದರು, ಆಮೇಲೆ ಬೆಂಗಳೂರಿಗೇ ಬಂದು ನೆಲೆಸಿ 1962ರಲ್ಲಿ ಗ್ರಂಥಾಲಯ ಸಂಶೋಧನಾ ಕೇಂದ್ರ ಕಟ್ಟಿದರು. ಅವರ ಮೇಲೆ ನನಗೆ ಬಹಳ ಗೌರವ. ಪುಸ್ತಕವೊಂದು ಯಾವುದರ ಬಗ್ಗೆ ಅನ್ನುವ ಪ್ರಶ್ನೆಗೆ ಅವರಷ್ಟು ಆಳವಾಗಿ ಉತ್ತರ ಹುಡುಕಿದವರು ಕಡಿಮೆ. ಆದರೆ ಕಿರ್ದಿ ಪುಸ್ತಕ, ಅಂದರೆ ದಿನದಿನದ ಜಮಾಖರ್ಚಿನ ಪುಸ್ತಕ, ಯಾವುದರ ಬಗ್ಗೆ? ಬಂದ ಕಾಗದಗಳನ್ನು ದಾಖಲಿಸುವ ಆವಕ ರಿಜಿಸ್ಟರ್ ಯಾವುದರ ಬಗ್ಗೆ? ಅಲ್ಲಿ ಕೇಳಬೇಕಾದ ಪ್ರಶ್ನೆ, ಇದನ್ನು ಯಾರು, ಯಾವ ಕೆಲಸಕ್ಕೆ ಇಟ್ಟರು ಅನ್ನುವುದು.

ಹಾಗಾದರೆ ಯಾವ ಲೆಕ್ಕದಲ್ಲಿ ವಿಂಗಡಿಸಬೇಕು?

ಸಂಘದ ಕೆಲಸಗಳ ಲೆಕ್ಕದಲ್ಲಿ. ಒಂದು ಕೆಲಸದಿಂದ ಸಾಲಾಗಿ ಹುಟ್ಟಿದ ಕಾಗದಗಳಿಗೆ ಸರಣಿ ಅನ್ನೋಣ. ನಮ್ಮ ಕಡೆಯ ಸಂಘಗಳಲ್ಲಿ ಸಾಧಾರಣವಾಗಿ ಸಿಗುವ ಸರಣಿಗಳು ಇವು: ಸ್ಥಾಪನೆಯ ಕಾಗದ, ನಿಬಂಧನೆ, ನೋಂದಣಿ ಪತ್ರ, ನಡಾವಳಿಗಳು, ಸದಸ್ಯತ್ವದ ಅರ್ಜಿ ಮತ್ತು ರಿಜಿಸ್ಟರ್, ಆವಕ ಜಾವಕ ರಿಜಿಸ್ಟರ್ ಮತ್ತು ಪತ್ರವ್ಯವಹಾರದ ಫೈಲು, ಕಿರ್ದಿ, ಖಾತೆ, ವೋಚರ್, ಆಡಿಟ್ ವರದಿ, ದತ್ತಿನಿಧಿಗಳು, ಪತ್ರಿಕೆಯ ಸಂಪಾದಕ ಮಂಡಳಿಯ ಕಾಗದ, ಸಮ್ಮೇಳನ, ಉಪನ್ಯಾಸ, ಪರೀಕ್ಷೆ, ಕಟ್ಟಡ ಮತ್ತು ಆಸ್ತಿ, ಫೋಟೊ, ಕ್ಯಾಸೆಟ್ಟು.

ಇದನ್ನೇ ನಕಲು ಮಾಡಬೇಡಿ. ನಿಮ್ಮ ಸಂಘ ಯಾವ ಕೆಲಸ ಮಾಡಿತ್ತೋ ಅದಷ್ಟೇ ನಿಮ್ಮ ಸರಣಿ. ಪರೀಕ್ಷೆ ನಡೆಸದ ಸಂಘಕ್ಕೆ ಪರೀಕ್ಷೆಯ ಸರಣಿ ಬೇಕಿಲ್ಲ, ಶಾಸನ ಪಡಿಯಚ್ಚು ತೆಗೆಯಲು ಊರೂರು ಸುತ್ತಿದ ಮಂಡಳಿಗೆ ಕ್ಷೇತ್ರಕಾರ್ಯದ ಟಿಪ್ಪಣಿಯ ಸರಣಿ ಬೇಕೇ ಬೇಕು.

ನೋಂದಣಿಯ ವಿಷಯ ಬಂತಲ್ಲ, ಒಂದು ಎಚ್ಚರ. ಹಳೇ ಮೈಸೂರು ಸೀಮೆಯ ಸಂಘಗಳು ಮೈಸೂರಿನ 1904ರ ಕಾಯ್ದೆಯಲ್ಲೂ ಮುಂಬಯಿ ಕರ್ನಾಟಕದವು 1860ರ ಕಾಯ್ದೆಯಲ್ಲೂ ನೋಂದಣಿ ಆಗಿದ್ದಿರಬಹುದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಬಂದದ್ದು 1960ರಲ್ಲಿ. ಹಾಗಾಗಿ ಒಂದೇ ಸಂಘಕ್ಕೆ ಎರಡು ನೋಂದಣಿ ಪತ್ರ ಸಿಕ್ಕರೆ ಒಂದನ್ನು ದಂಡ ಅಂತ ಎತ್ತಿ ಹಾಕಬೇಡಿ, ಎರಡೂ ಬೇಕು.

ನಮ್ಮಲ್ಲಿ ಎಲ್ಲಾ ಕಲಸಿ ಹೋಗಿದೆ. ಮೂಲ ಕ್ರಮ ಅನ್ನುವುದೇ ಇಲ್ಲ. ಈಗ?

ಕಟ್ಟಡ ಬದಲಾದಾಗ, ಸುಣ್ಣ ಬಣ್ಣ ಹೊಡೆಸಿದಾಗ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಆಮೇಲೆ ಸುರಿದಿರುತ್ತಾರೆ. ಆದರೂ ಪೂರ್ತಿ ಕಳೆದುಹೋಗಿದೆ ಅಂತ ಬೇಗ ತೀರ್ಮಾನ ಮಾಡಬೇಡಿ. ಕಾಗದದ ಮೂಲೆಯಲ್ಲಿ ಆವಕ ನಂಬರು, ಸೀಲು ಇದೆಯಾ ನೋಡಿ. ಇದ್ದರೆ ಆವಕ ರಿಜಿಸ್ಟರ್ ತೆಗೆದು ಆ ನಂಬರಿನ ಎದುರು ಯಾವ ಫೈಲಿಗೆ ಹೋಯಿತು ಅಂತ ಬರೆದಿರುವುದನ್ನು ಹುಡುಕಿ. ಟ್ಯಾಗ್ ಹಾಕಿದ ತೂತುಗಳೂ ಸಾಕ್ಷಿಯೇ: ಒಂದೇ ಫೈಲಿನಲ್ಲಿದ್ದ ಹಾಳೆಗಳ ತೂತು, ತುಕ್ಕಿನ ಕಲೆ, ಗೆದ್ದಲು ಕೊರೆದ ದಾರಿ ಒಂದರ ಮೇಲೊಂದು ಇಟ್ಟಾಗ ಸರಿಯಾಗಿ ಕೂರುತ್ತವೆ. ಹುಳ ತಿಂದ ಆಕಾರ ನೋಡಿಕೊಂಡು ಫೈಲು ಜೋಡಿಸುವುದು ನಿಜಕ್ಕೂ ಆಗುವ ಕೆಲಸ, ಮಾಡಿದರೆ ಬಹಳ ಖುಷಿ ಕೊಡುವ ಕೆಲಸವೂ ಹೌದು.

ಏನು ಮಾಡಿದರೂ ಕ್ರಮ ಸಿಗದಿದ್ದರೆ, ಸರಣಿಯೊಳಗೆ ಕಾಲಾನುಕ್ರಮವಾಗಿ ಇಡಿ. ಮತ್ತು "ಈ ಕ್ರಮ ನಾವು ಮಾಡಿದ್ದು, ಮೂಲದಲ್ಲಿ ಹೀಗಿರಲಿಲ್ಲ" ಅಂತ ಪಟ್ಟಿಯಲ್ಲೇ ಬರೆಯಿರಿ.

ನಂಬರು ಹೇಗೆ ಕೊಡುವುದು?

ಸರಳವಾಗಿರಲಿ. ಸಂಘಕ್ಕೊಂದು ಸಂಕೇತ, ಸರಣಿಗೊಂದು, ಫೈಲಿಗೊಂದು. ನಡಾವಳಿಗೆ "ನ" ಅಂತ ಇಟ್ಟುಕೊಂಡರೆ ನ/1, ನ/2 ಅಂತ ಸಾಗುತ್ತದೆ. ರಾಯಲ್ ಸೊಸೈಟಿಯಲ್ಲಿ ಸದಸ್ಯರ ಆಯ್ಕೆ ಪ್ರಮಾಣಪತ್ರಗಳಿಗೆ ಸರಣಿಯ ಸಂಕೇತ, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ ಇಟ್ಟಿದ್ದಾರೆ. 1918ರಲ್ಲಿ ಆಯ್ಕೆಯಾದ ಶ್ರೀನಿವಾಸ ರಾಮಾನುಜನ್ ಅವರದು ಆ ವರ್ಷದ ಉಳಿದವರ ಜೊತೆಯಲ್ಲೇ ಇದೆ, ಪ್ರಸಿದ್ಧರು ಅಂತ ಬೇರೆ ಎತ್ತಿಟ್ಟಿಲ್ಲ.

ನಂಬರಿನಲ್ಲಿ ಬೀರು, ಅರೆಯ ಸಂಖ್ಯೆ ಸೇರಿಸಬೇಡಿ. ನಾಳೆ ಬೀರು ಬದಲಾಗುತ್ತದೆ, ನಂಬರು ಬದಲಾಗಬಾರದು. ಯಾವ ಅರೆಯಲ್ಲಿದೆ ಅನ್ನುವುದಕ್ಕೆ ಪಟ್ಟಿಯಲ್ಲಿ ಬೇರೆ ಕಾಲಂ ಇಡಿ. ಬರೆಯುವುದು ಮೆತ್ತನೆಯ ಪೆನ್ಸಿಲಿನಲ್ಲಿ, ಹಾಳೆಯ ಹಿಂಬದಿ ಮೂಲೆಯಲ್ಲಿ. ಬಾಲ್ ಪೆನ್ನು, ಸ್ಕೆಚ್ ಪೆನ್ನು, ಅಂಟಿನ ಚೀಟಿ ಬೇಡ.

ಒಂದೊಂದು ಕಾಗದಕ್ಕೂ ವಿವರ ಬರೆಯಬೇಕಾ? ಅಷ್ಟು ಜನ ನಮ್ಮಲ್ಲಿಲ್ಲ.

ಬೇಡ. ಹಾಗೆ ಹೊರಟ ಸಂಘಗಳು ಮೊದಲನೇ ಬೀರು ಮುಗಿಯುವ ಮುಂಚೆ ಸುಸ್ತಾಗಿ ನಿಲ್ಲಿಸುತ್ತವೆ. ಮೊದಲು ಇಡೀ ಸಂಗ್ರಹದ ಬಗ್ಗೆ ಒಂದು ಪುಟ, ಆಮೇಲೆ ಪ್ರತಿ ಸರಣಿಗೆ ಒಂದು ಪ್ಯಾರಾ, ಆಮೇಲೆ ಫೈಲುಗಳ ಪಟ್ಟಿ. ಬಿಡಿ ಕಾಗದದ ಮಟ್ಟಕ್ಕೆ ಇಳಿಯುವುದು ನಿಜವಾಗಿ ಬೇಕಾದ ಕಡೆ ಮಾತ್ರ.

ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ಒಂದು ಮಾನದಂಡ ಇದೆ, ಅದರಲ್ಲಿ 26 ಅಂಶಗಳಿವೆ. ಗಾಬರಿ ಬೇಡ, ಕಡ್ಡಾಯವಾದವು 6: ಸಂಕೇತ ಸಂಖ್ಯೆ, ಶೀರ್ಷಿಕೆ, ಯಾರು ಸೃಷ್ಟಿಸಿದ್ದು, ಯಾವ ಕಾಲದ್ದು, ಎಷ್ಟು ಪ್ರಮಾಣ, ಮತ್ತು ಇದು ಸರಣಿಯೋ ಫೈಲೋ ಬಿಡಿ ಕಾಗದವೋ ಅನ್ನುವ ಮಟ್ಟ. ಎಕ್ಸೆಲ್ ಹಾಳೆಯಲ್ಲಿ ಆರು ಕಾಲಂ ಹಾಕಿದರೆ ಆಯಿತು. ಆಮೇಲೆ ಬೇಕೆನಿಸಿದರೆ ಆಕ್ಸೆಸ್ ಟು ಮೆಮರಿ ಅನ್ನುವ ಉಚಿತ ತಂತ್ರಾಂಶಕ್ಕೆ ಅದನ್ನೇ ಏರಿಸಬಹುದು.

ಶೀರ್ಷಿಕೆ ಬರೆಯುವಾಗ ಫೈಲಿನ ಮೇಲೆ ಹಳಬರು ಬರೆದದ್ದನ್ನು ಹಾಗೇ ಉಳಿಸಿಕೊಳ್ಳಿ, ಕಾಗುಣಿತ ತಿದ್ದಬೇಡಿ. "ಇತರೆ" ಅಂತ ಬರೆದಿದ್ದರೆ ಮಾತ್ರ ಪಕ್ಕದಲ್ಲಿ ಚೌಕ ಕಂಸ ಹಾಕಿ ಒಳಗೆ ಏನಿದೆ ಅಂತ ಸೇರಿಸಿ.

ತಾರೀಖೇ ಇಲ್ಲದ ಕಾಗದಗಳು ಜಾಸ್ತಿ ಇವೆ. ಕಾಲ ಗೊತ್ತು ಮಾಡುವುದು ಹೇಗೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಕಾಗದ ತನ್ನ ವಯಸ್ಸನ್ನು ಹಲವು ಕಡೆ ಹೇಳಿಕೊಂಡಿರುತ್ತದೆ, ನೋಡುವ ಅಭ್ಯಾಸ ಬೇಕು ಅಷ್ಟೇ.

ರಸೀದಿಯಲ್ಲಿ ರೂಪಾಯಿ, ಆಣೆ, ಪೈ ಇದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗೆ ಮುಂಚಿನದು, ಯಾಕೆಂದರೆ ಆ ತಿಂಗಳ 1ರಿಂದ ದಶಮಾಂಶ ನಾಣ್ಯ ಬಂತು. ಕೆಲವರು ಅಭ್ಯಾಸಬಲದಿಂದ ಆಮೇಲೂ ಆಣೆಯಲ್ಲೇ ಬರೆದಿದ್ದಾರೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಬರೀ "ಬೆಂಗಳೂರು–18" ಅಂತಿದ್ದರೆ ಅದಕ್ಕಿಂತ ಹಿಂದಿನದಿರಬಹುದು. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮುಂಚೆ. ಧಾರವಾಡದ ಕಾಗದದಲ್ಲಿ ಮುಂಬಯಿ ಪ್ರಾಂತ ಅಥವಾ ಮುಂಬಯಿ ರಾಜ್ಯ ಅಂತ ಅಚ್ಚಾಗಿದ್ದರೆ 1956ರ ಏಕೀಕರಣಕ್ಕೆ ಮುಂಚೆ. ಆದರೆ ಹಳೇ ಲೆಟರ್‌ಹೆಡ್ ಖಾಲಿಯಾಗುವ ತನಕ ಬಳಸುವ ಪದ್ಧತಿ ಎಲ್ಲ ಸಂಘದಲ್ಲೂ ಇತ್ತು. ಸಾಹಿತ್ಯ ಪರಿಷತ್ತೇ ಮೊದಲು ಕರ್ನಾಟಕ ಸಾಹಿತ್ಯ ಪರಿಷತ್ತು ಆಗಿದ್ದು 1930ರ ದಶಕದಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಆಯಿತು, ಅಂಥ ಹೆಸರು ಬದಲಾವಣೆಯೂ ಒಳ್ಳೇ ಗುರುತು.

ಬರೀ ಸಂವತ್ಸರ, ಮಾಸ, ತಿಥಿ ಬರೆದ ಕಾಗದಗಳೂ ಬರುತ್ತವೆ. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ ಅನ್ನುವುದು ನೆನಪಿರಲಿ. ರಾಕ್ಷಸ ಸಂವತ್ಸರ ಅಂದರೆ ಪರಿಷತ್ತು ಹುಟ್ಟಿದ 1915–16 ಆಗಬಹುದು, ತುರ್ತುಪರಿಸ್ಥಿತಿಯ 1975–76 ಕೂಡ ಆಗಬಹುದು. ಕಾಗದ, ಶಾಯಿ, ಸಹಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಶಕ ವರ್ಷಕ್ಕೆ 78 ಸೇರಿಸಿದರೆ ಇಸವಿ, ಜನವರಿಯಿಂದ ಯುಗಾದಿಯ ನಡುವಿನ ತಿಂಗಳುಗಳಾದರೆ 79.

ಉಳಿದದ್ದು ಮೊದಲು ಮಾಡಿಕೊಂಡ ಕಾಲಾನುಕ್ರಮದ ಕೆಲಸ. ಸಹಿ ಮಾಡಿದ ಕಾರ್ಯದರ್ಶಿ ಯಾವ ವರ್ಷದಿಂದ ಯಾವ ವರ್ಷದ ತನಕ ಇದ್ದರು ಅಂತ ನೋಡಿ. ಊಹಿಸಿದ ತಾರೀಖನ್ನು ಮಾತ್ರ ಯಾವಾಗಲೂ ಚೌಕ ಕಂಸದೊಳಗೆ ಬರೆಯಿರಿ, ಯಾಕೆ ಹಾಗೆ ಊಹಿಸಿದಿರಿ ಅನ್ನುವುದನ್ನು ಒಂದು ಸಾಲಿನಲ್ಲಿ ಸೇರಿಸಿ.

ಮೋಡಿ ಲಿಪಿಯ ಕಾಗದ ಸಿಕ್ಕಿದೆ, ನಮಗೆ ಓದಲು ಬರಲ್ಲ.

ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಇದು ಸಹಜ. ಹಿಂದೆ ಅಲ್ಲಿ ಮರಾಠಿ ವ್ಯವಹಾರ ಮೋಡಿಯಲ್ಲಿ ನಡೆಯುತ್ತಿತ್ತು. ಓದಲಾಗದ್ದನ್ನು ಬೇರೆ ತೆಗೆದು ಒಂದು ಕಟ್ಟು ಮಾಡಬೇಡಿ. ಇದ್ದ ಫೈಲಿನಲ್ಲೇ ಇರಲಿ, ಪಟ್ಟಿಯಲ್ಲಿ "ಮೋಡಿ, ಓದಿಸಬೇಕು" ಅಂತ ಗುರುತು ಹಾಕಿ.

ಪತ್ರದ ಜೊತೆ ಫೋಟೊ, ಒಣಗಿದ ಎಲೆ, ನಾಣ್ಯದ ಅಚ್ಚು ಇಂಥವೆಲ್ಲ ಅಂಟಿಕೊಂಡಿವೆ. ಬಿಡಿಸಬಹುದಾ?

ಸಂಬಂಧ ಕಡಿಯಬೇಡಿ. ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸುತ್ತಿದ್ದ. 1674ರ ಒಂದು ಪತ್ರದ ಜೊತೆ ಪುಟ್ಟ ಪುಟ್ಟ ಪೊಟ್ಟಣಗಳಲ್ಲಿ ಬೆಂಡಿನ ತೆಳು ಚೂರು, ಗಿಡದ ತಿರುಳು, ಹಸುವಿನ ಕಣ್ಣಿನ ನರದ ಒಣಗಿದ ತುಂಡು ಕಳಿಸಿದ್ದ. ಮುನ್ನೂರು ವರ್ಷ ಅವು ಆ ಪತ್ರದ ಜೊತೆಗೇ ಇದ್ದವು. 1981ರಲ್ಲಿ ಬ್ರಿಯಾನ್ ಫೋರ್ಡ್ ಅನ್ನುವ ಜೀವವಿಜ್ಞಾನಿ ಅವನ್ನು ಕಂಡು, ಲೇವನ್‌ಹುಕ್ ಎಷ್ಟು ತೆಳುವಾಗಿ ಕೊಯ್ಯುತ್ತಿದ್ದ ಅನ್ನುವುದನ್ನು ಕಣ್ಣಾರೆ ನೋಡಿದರು. ಯಾರಾದರೂ ಅಚ್ಚುಕಟ್ಟು ಮಾಡುವ ಭರದಲ್ಲಿ ಆ ಪೊಟ್ಟಣಗಳನ್ನು ಕಿತ್ತು ಬೇರೆ ಡಬ್ಬಿಗೆ ಹಾಕಿದ್ದರೆ ಅವು ಹೆಸರಿಲ್ಲದ ಕಸ ಆಗಿರುತ್ತಿದ್ದವು.

ಕಾಗದಕ್ಕೆ ಹಾನಿ ಮಾಡುತ್ತಿದ್ದರೆ ಮಾತ್ರ ಬೇರೆ ಲಕೋಟೆಯಲ್ಲಿಡಿ. ಆಗಲೂ ಪತ್ರದ ಜಾಗದಲ್ಲಿ ಒಂದು ಚೀಟಿ, ಲಕೋಟೆಯ ಮೇಲೆ ಪತ್ರದ ನಂಬರು, ಎರಡೂ ಕಡೆ ಗುರುತು ಇರಲೇಬೇಕು.

ಹಳೇ ಕಾರ್ಯದರ್ಶಿಗಳ ಮನೆಯಲ್ಲಿ ನಡಾವಳಿ ಪುಸ್ತಕ ಇದೆಯಂತೆ. ಕೇಳಲು ಸಂಕೋಚ.

ಕೇಳಿ. ಸಂಘಕ್ಕೆ ಸ್ವಂತ ಕಟ್ಟಡ ಇಲ್ಲದಿದ್ದ ಕಾಲದಲ್ಲಿ ಕಾರ್ಯದರ್ಶಿಗಳ ಮನೆಯೇ ಕಚೇರಿ. ಅವರು ಕದ್ದದ್ದಲ್ಲ, ಕಾಪಾಡಿದ್ದು. ಹಾಗೆ ಹೇಳಿಯೇ ಹೋಗಿ, ಹಿರಿಯರನ್ನು ಕಂಡು ಕೂತು ಮಾತಾಡಿ, ನೆನಪಿದ್ದದ್ದನ್ನು ಕೇಳಿ ಬರೆದುಕೊಳ್ಳಿ. ಕೊಡಲು ಮನಸ್ಸಿಲ್ಲದಿದ್ದರೆ ಅವರ ಮನೆಯಲ್ಲೇ ಸ್ಕ್ಯಾನ್ ಮಾಡಿಕೊಳ್ಳಲು ಅನುಮತಿ ಪಡೆಯಿರಿ. ಕೊಟ್ಟರೆ ಸಂಘದ ಲೆಟರ್‌ಹೆಡ್ಡಿನಲ್ಲಿ ಸ್ವೀಕೃತಿ ಪತ್ರ ಕೊಡಿ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ರಾಬರ್ಟ್ ಹುಕ್ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದವನು, 1703ರಲ್ಲಿ ತೀರಿಕೊಂಡ. ಅವನ ಕೈಬರಹದ ನಡಾವಳಿ ಮತ್ತು ಟಿಪ್ಪಣಿಗಳು, 500ಕ್ಕೂ ಹೆಚ್ಚು ಪುಟ, 2006ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಕಪಾಟಿನಲ್ಲಿ ಸಿಕ್ಕವು. ಹರಾಜಿಗೆ ಹೋಗುವ ಹೊತ್ತಿಗೆ ಸೊಸೈಟಿ ಸುಮಾರು 10 ಲಕ್ಷ ಪೌಂಡ್ ಹೊಂದಿಸಿಕೊಂಡು ಬಿಡಿಸಿಕೊಳ್ಳಬೇಕಾಯಿತು. ನಮ್ಮ ಕಡೆ ಹರಾಜಿಗೆ ಹೋಗುವುದಿಲ್ಲ, ಮನೆ ಖಾಲಿ ಮಾಡುವಾಗ ನೇರ ಗುಜರಿಗೆ ಹೋಗುತ್ತದೆ.

ಒಬ್ಬ ಸಾಹಿತಿಯ ಸ್ವಂತ ಕಾಗದಪತ್ರ ದಾನವಾಗಿ ಬಂದಿದೆ. ಸಂಘದ ಫೈಲಿಗೆ ಸೇರಿಸಬಹುದಾ?

ಬೇಡ. ಅದು ಆ ವ್ಯಕ್ತಿಯ ಸಂಗ್ರಹ, ಅದಕ್ಕೆ ಬೇರೆ ಸಂಕೇತ, ಬೇರೆ ಪಟ್ಟಿ. ಅವರು ನಿಮ್ಮ ಸಂಘದ ಅಧ್ಯಕ್ಷರೇ ಆಗಿದ್ದರೂ ಅಷ್ಟೇ. ದಾನಪತ್ರದಲ್ಲಿ ಏನೇನು ಬಂತು, ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕು, ಪ್ರಕಟಣೆಯ ಹಕ್ಕು ಯಾರದು ಅಂತ ಬರೆಸಿಕೊಳ್ಳಿ. ಮನೆಯವರು ಇರುವಾಗಲೇ ಈ ಕೆಲಸ ಮಾಡಿ.

ಯಾವುದನ್ನು ಬಿಸಾಡಬಹುದು?

ಅಚ್ಚಾಗಿ ಉಳಿದ ಖಾಲಿ ಫಾರಂ, ಒಂದೇ ಆಹ್ವಾನ ಪತ್ರಿಕೆಯ ಇನ್ನೂರು ಪ್ರತಿ (ಎರಡು ಮೂರು ಇಟ್ಟುಕೊಂಡು), ಹೊರಗಿನವರು ಕಳಿಸಿದ ಜಾಹೀರಾತು. ಅಷ್ಟೇ ಧೈರ್ಯವಾಗಿ ಹೇಳಬಲ್ಲೆ. ವೋಚರುಗಳ ವಿಷಯದಲ್ಲಿ ಜಗಳ ಇದ್ದದ್ದೇ. ಇತ್ತೀಚಿನವನ್ನು ಲೆಕ್ಕಪರಿಶೋಧಕರನ್ನು ಕೇಳದೆ ಮುಟ್ಟಬೇಡಿ. 1950ರ ಹಿಂದಿನದಾದರೆ ಪೂರ್ತಿ ಉಳಿಸಿ ಅಂತಲೇ ನನ್ನ ಮಾತು, ಯಾಕೆಂದರೆ ಆ ಕಾಲದ ಅಚ್ಚುಕೂಟದ ದರ, ಕಾಗದದ ಬೆಲೆ, ಅಡುಗೆಯವರ ಕೂಲಿ ಬೇರೆಲ್ಲೂ ಸಿಗುವುದಿಲ್ಲ. ಬಿಸಾಡುವುದನ್ನು ಒಬ್ಬರೇ ತೀರ್ಮಾನಿಸಬಾರದು. ಪಟ್ಟಿ ಮಾಡಿ ಸಮಿತಿಯಲ್ಲಿಟ್ಟು ನಿರ್ಣಯ ಮಾಡಿ, ಆ ಪಟ್ಟಿಯನ್ನೂ ಉಳಿಸಿ.

ಹಳೇ ಜಗಳ, ದೂರು, ರಾಜೀನಾಮೆ ಪತ್ರಗಳಿವೆ. ಸಂಘದ ಮರ್ಯಾದೆ ಪ್ರಶ್ನೆ.

ಅವನ್ನು ಸುಡುವುದು, ಹರಿಯುವುದು ಸಲ್ಲದು. ಸಂಘದಲ್ಲಿ ಅಭಿಪ್ರಾಯಭೇದ ಇತ್ತು, ಜನ ತಮ್ಮ ನಂಬಿಕೆಗಾಗಿ ಹಟ ಹಿಡಿದು ವಾದ ಮಾಡಿದರು ಅನ್ನುವುದು ಸಂಘ ಜೀವಂತವಾಗಿತ್ತು ಅನ್ನುವುದಕ್ಕೆ ಸಾಕ್ಷಿ. ಬದುಕಿರುವವರಿಗೆ ನೋವಾಗುವಂಥದ್ದಿದ್ದರೆ ಇಂತಿಷ್ಟು ವರ್ಷ ಯಾರಿಗೂ ತೋರಿಸುವುದಿಲ್ಲ ಅಂತ ಸಮಿತಿಯಲ್ಲಿ ನಿಯಮ ಮಾಡಿ. ಪಟ್ಟಿಯಲ್ಲಿ ಫೈಲಿನ ಹೆಸರಿರಲಿ, "ಇಂಥ ವರ್ಷದ ತನಕ ಮುಚ್ಚಿದೆ" ಅಂತ ಬರೆದಿರಲಿ.

ಪಿನ್ನು, ಟೇಪು, ಲ್ಯಾಮಿನೇಷನ್, ನುಸಿಗುಳಿಗೆ?

ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆದು ತೆಗೆಯಬೇಡಿ. ಸೂಜಿ ಮತ್ತು ಕಾಗದದ ನಡುವೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಸಡಿಲಿಸಿ. ರಬ್ಬರ್ ಬ್ಯಾಂಡ್ ತೆಗೆದು ಅಗಲ ಹತ್ತಿಯ ಲಾಡಿಯಿಂದ ಕಟ್ಟಿ. ಸೆಲ್ಲೋ ಟೇಪ್ ಹಾಕಲೇಬೇಡಿ, ಅದರ ಅಂಟು ಕಾಗದಕ್ಕಿಳಿದು ಕಂದು ಕಲೆಯಾಗಿ ಕೂರುತ್ತದೆ. ಅಂಗಡಿಯ ಬಿಸಿ ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ. ನುಸಿಗುಳಿಗೆಯ ವಾಸನೆ ಕೆಲಸ ಮಾಡುವವರ ಆರೋಗ್ಯಕ್ಕೆ ಒಳ್ಳೆಯದಲ್ಲ. ಅದಕ್ಕಿಂತ ಗುಡಿಸಿ ಒರೆಸಿ ತಿಂಗಳಿಗೊಮ್ಮೆ ಬೀರು ತೆಗೆದು ನೋಡುವುದೇ ಒಳ್ಳೇ ಮದ್ದು.

ಆಮ್ಲರಹಿತ ಡಬ್ಬಿಗೆ ದುಡ್ಡು ಸಾಲದಿದ್ದರೆ ತೊಳೆದು ಗಂಜಿ ತೆಗೆದ ಕೋರಾ ಬಟ್ಟೆಯಲ್ಲಿ ಸುತ್ತಿಡಿ. ರ‍್ಯಾಕು ಗೋಡೆಗೆ ತಾಗದಿರಲಿ, ಕೆಳಗಿನ ಅರೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ ನೆರಳಿನಲ್ಲಿ ಗಾಳಿಗೆ ಹಾಕಿ, ಬಿಸಿಲಿಗೆ ಬೇಡ.

ಸ್ಕ್ಯಾನ್ ಮಾಡಿಬಿಟ್ಟರೆ ಮೂಲ ಯಾಕೆ ಬೇಕು?

ಮೇಲೆ ಹೇಳಿದ ತೂತು, ತುಕ್ಕು, ಶಾಯಿ ಯಾವುದೂ ಸ್ಕ್ಯಾನಿನಲ್ಲಿ ಸರಿಯಾಗಿ ಬರುವುದಿಲ್ಲ. ಮೂಲ ಬೇಕು. ಸ್ಕ್ಯಾನ್ ಇರುವುದು ಮೂಲವನ್ನು ಪದೇ ಪದೇ ಮುಟ್ಟದೆ ಇರಲು.

ಜೋಡಿಸಿ ನಂಬರು ಕೊಟ್ಟ ಮೇಲೆಯೇ ಸ್ಕ್ಯಾನ್ ಮಾಡಿ. ಮೊದಲೇ ಮಾಡಿದರೆ ಹೆಸರಿಲ್ಲದ ಸಾವಿರಾರು ಚಿತ್ರಗಳು ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು, ಬೀರುವಿನ ಗೊಂದಲ ಕಂಪ್ಯೂಟರಿಗೆ ವರ್ಗವಾಗುತ್ತದೆ ಅಷ್ಟೇ. ಚಿತ್ರದ ಹೆಸರಿನಲ್ಲಿ ಫೈಲಿನ ಸಂಕೇತ ಸಂಖ್ಯೆ ಇರಲಿ. ಮೂರು ಪ್ರತಿ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಅಚ್ಚಾದ ಕನ್ನಡವನ್ನು ಓದುವ ಉಚಿತ ತಂತ್ರಾಂಶಗಳಿವೆ, ಹಾಗಾಗಿ ಹಳೇ ವಾರ್ಷಿಕ ವರದಿಗಳನ್ನು ಹುಡುಕಲು ಬರುವಂತೆ ಮಾಡಬಹುದು. ಹಳೇ ಕೈಬರಹಕ್ಕೆ ಮಾತ್ರ ಮನುಷ್ಯರ ಕಣ್ಣೇ ಬೇಕು.

1990ರ ದಶಕದ ಕಂಪ್ಯೂಟರ್ ಫೈಲು ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ.

ಫೈಲು ಕೆಟ್ಟಿಲ್ಲ, ಅಳಿಸಬೇಡಿ. ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಒಂದೇ ರೀತಿ ಓದಲು ಬರುವ ಅಕ್ಷರ ಪದ್ಧತಿ) ಬಳಕೆಗೆ ಬರುವ ಮುಂಚೆ ಬರಹ, ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳಲ್ಲಿ. ಆ ಫಾಂಟ್ ಹಾಕಿದರೆ ಅಕ್ಷರ ಕಾಣುತ್ತದೆ, ಪರಿವರ್ತಕದಿಂದ ಯೂನಿಕೋಡಿಗೂ ತರಬಹುದು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ಬರುವುದು ಸಾಮಾನ್ಯ, ಒಮ್ಮೆ ಓದಿ ನೋಡಿ. ಮೂಲ ಫೈಲು, ಫಾಂಟು, ಪರಿವರ್ತಿಸಿದ ಪ್ರತಿ ಮೂರನ್ನೂ ಇಡಿ. ಫ್ಲಾಪಿ, ಸಿ.ಡಿ.ಗಳಲ್ಲಿರುವುದನ್ನು ಈ ವರ್ಷವೇ ತೆಗೆಯಿರಿ. ನಿಮ್ಮ ಬೀರುವಿನಲ್ಲಿ ಎಲ್ಲಕ್ಕಿಂತ ಬೇಗ ಸಾಯುವುದು 1920ರ ನಡಾವಳಿ ಅಲ್ಲ, 2002ರ ಸಿ.ಡಿ.

ನಮ್ಮಲ್ಲಿರುವ ಪತ್ರಗಳನ್ನು ಪುಸ್ತಕ ಮಾಡಬಹುದಾ, ಅಂತರ್ಜಾಲಕ್ಕೆ ಹಾಕಬಹುದಾ?

ಕಾಗದ ಸಂಘದ್ದು, ಬರೆದ ಮಾತಿನ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಈ ಹಕ್ಕು ಇರುತ್ತದೆ. ಅವರು ಇರುವಾಗ ಪ್ರಕಟವಾಗದ ಬರಹ ಆಮೇಲೆ ಮೊದಲ ಸಲ ಅಚ್ಚಾದರೆ ಆ 60 ವರ್ಷ ಅಚ್ಚಾದ ನಂತರ ಶುರುವಾಗುತ್ತದೆ, ಹಾಗಾಗಿ ಹಳೇ ಪತ್ರ ಅಂತ ಧೈರ್ಯ ಮಾಡಬೇಡಿ. ಮನೆಯವರನ್ನು ಹುಡುಕಿ ಒಪ್ಪಿಗೆ ತೆಗೆದುಕೊಳ್ಳಿ. ಪಟ್ಟಿಯನ್ನು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಇವತ್ತೇ ಅಂತರ್ಜಾಲಕ್ಕೆ ಹಾಕಬಹುದು. ಹಾಕಿ, ಸಂಶೋಧಕರಿಗೆ ನಿಮ್ಮಲ್ಲಿ ಏನಿದೆ ಅಂತ ಗೊತ್ತಾಗುವುದೇ ಅದರಿಂದ.

ಕಲಿಯಲು ಎಲ್ಲಿಗೆ ಹೋಗಬೇಕು?

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯವರನ್ನು ಭೇಟಿ ಮಾಡಿ, ಹಳೇ ಸರಕಾರಿ ಕಡತಗಳನ್ನು ಹೇಗೆ ಇಟ್ಟಿದ್ದಾರೆ ನೋಡಿ. ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದಲ್ಲಿರುವ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 2019ರಲ್ಲಿ ಒಂದು ಪತ್ರಾಗಾರ ಶುರುವಾಯಿತು. ಅದು ವಿಜ್ಞಾನದ ಇತಿಹಾಸದ ಕಾಗದಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ, ಅವರ ಪಟ್ಟಿಗಳನ್ನು ನೋಡಿದರೆ ಸರಣಿ, ಫೈಲು ಅಂತ ನಾನು ಹೇಳಿದ್ದು ಕಣ್ಣಿಗೆ ಕಾಣುತ್ತದೆ.

ಈಗಿನ ಸಭೆಗಳೆಲ್ಲ ವಾಟ್ಸಾಪ್ ಗುಂಪಿನಲ್ಲೇ ನಡೆಯುತ್ತವೆ. ಅದಕ್ಕೇನು ಮಾಡುವುದು?

ಗುಂಪಿನಲ್ಲಿ ಒಂದು ತೀರ್ಮಾನ ಆದರೆ ಅದನ್ನು ಮುಂದಿನ ಸಭೆಯ ನಡಾವಳಿಯಲ್ಲಿ ಬರೆದು ಸಹಿ ಹಾಕಿಸಿ. ವರ್ಷಕ್ಕೊಮ್ಮೆ ಗುಂಪಿನ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಆ ವರ್ಷದ ಫೋಲ್ಡರಿಗೆ ಹಾಕಿ. ಸಂಘದ ಹೆಸರಿನಲ್ಲೇ ಒಂದು ಇಮೇಲ್ ವಿಳಾಸ ಇರಲಿ, ಕಾರ್ಯದರ್ಶಿ ಬದಲಾದಾಗ ಬೀಗದ ಕೈ ಜೊತೆ ಅದರ ಪಾಸ್‌ವರ್ಡನ್ನೂ ಹಸ್ತಾಂತರಿಸಿ, ಹಸ್ತಾಂತರ ಆಯಿತು ಅಂತ ನಡಾವಳಿಯಲ್ಲಿ ಒಂದು ಸಾಲು ಬರೆಯಿರಿ.